ಕ್ಯಾಶುವಾಲ್ಟಿಯಲ್ಲಿ ಆಡುವ ಮೊದಲ ಮಾತು

ಶಿರಾ ದಾಟಿ ಹಿರಿಯೂರಿನ ಕಡೆಗೆ ಓಡುವ ಹೆದ್ದಾರಿ 48. ಹೊತ್ತು ಮುಳುಗಿದೆ, ಕತ್ತಲು ಇನ್ನೂ ಪೂರ್ತಿ ಇಳಿದಿಲ್ಲ. ಬೈಕಿನ ಹ್ಯಾಂಡಲಿಗೆ ತೂಗುಹಾಕಿದ ಚೀಲದಲ್ಲಿ ಕರಣೆ, ತೂಕದ ಗುಂಡು, ಖಾಲಿ ಬುತ್ತಿ. ಬೆರಳ ಸಂದಿನಲ್ಲಿ ಒಣಗಿದ ಸಿಮೆಂಟು ಚುರುಚುರು ಎನ್ನುತ್ತಿದೆ. ನಿಮಗೆ 34 ವರ್ಷ. ಗಾರೆ ಕೆಲಸ. ಎಡಬದಿ ಹಿಡಿದು ಮನೆಯ ದಾರಿಯಲ್ಲಿದ್ದೀರಿ.

ಬಲಕ್ಕೆ ಈರುಳ್ಳಿ ಲೋಡಿನ ಲಾರಿಯೊಂದು ಬಹಳ ಹೊತ್ತಿನಿಂದ ಜೊತೆಗೇ ಬರುತ್ತಿದೆ. ಅದರ ಟಾರ್ಪಾಲಿನ ತುದಿ ಗಾಳಿಗೆ ಪಟಪಟ ಬಡಿಯುತ್ತಿದೆ. ಕಾದ ಬ್ರೇಕಿನ ವಾಸನೆ ಮೂಗಿಗೆ ರಾಚುತ್ತಿದೆ. ಮುಂದೆ ಎಡಕ್ಕೆ ಡಾಬಾದ ಟ್ಯೂಬ್‌ಲೈಟು ಕಾಣಿಸುತ್ತದೆ. ಲಾರಿಯವನಿಗೂ ಕಾಣಿಸಿದೆ. ಇಂಡಿಕೇಟರ್ ಇಲ್ಲ. ಹಾರ್ನ್ ಇಲ್ಲ. ಗೋಡೆಯಂಥ ಆ ಮೈ ಎಡಕ್ಕೆ ವಾಲುತ್ತದೆ. ಬ್ರೇಕ್ ಒತ್ತುತ್ತೀರಿ. ಜಾಗವಿಲ್ಲ. ಕಬ್ಬಿಣ ಮಂಡಿಗೆ ತಗುಲುತ್ತದೆ. ಆಕಾಶ, ಟಾರು, ಮತ್ತೆ ಆಕಾಶ. ಹೆಲ್ಮೆಟ್ ನೆಲಕ್ಕೆ ಬಡಿದ ಸದ್ದು ತಲೆಯ ಒಳಗಿನಿಂದಲೇ ಕೇಳಿಸುತ್ತದೆ.

ನೋವು ತಕ್ಷಣ ಬರುವುದಿಲ್ಲ. ಮೊದಲು ಬರುವುದು ಬಿಸಿ. ಬಲಗಾಲಿನ ಮೇಲೆ ಯಾರೋ ಬಿಸಿನೀರು ಸುರಿದಂತಾಗುತ್ತದೆ. ತಲೆ ಎತ್ತಿ ನೋಡಿದರೆ ಪಾದ ತಿರುಗಬಾರದ ಕಡೆಗೆ ತಿರುಗಿದೆ. ಆಮೇಲೆ ನೋವು.

ಸುತ್ತ ಕಾಲುಗಳು, ಚಪ್ಪಲಿಗಳು. "ಮುಟ್ಟಬೇಡ್ರೋ, ಪೊಲೀಸ್ ಕೇಸಾಗ್ತದೆ" ಎನ್ನುತ್ತದೊಂದು ದನಿ. ಆ ಭಯಕ್ಕೆ ಈಗ ಆಧಾರವಿಲ್ಲ. ಗಾಯಾಳುವಿಗೆ ನೆರವಾದವರನ್ನು ಸಾಕ್ಷಿ ಹೇಳಿ ಎಂದು ಬಲವಂತ ಮಾಡುವಂತಿಲ್ಲ, ಹೆಸರು ಕೊಡಿ ಎಂದು ಪೀಡಿಸುವಂತಿಲ್ಲ; 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿಸಿದ್ದೇ ಇದಕ್ಕಾಗಿ. ಡಾಬಾದ ಹುಡುಗನಿಗೆ ಇದು ಗೊತ್ತಿರಲಾರದು. ಆದರೂ ಅವನು ಮಂಡಿಯೂರಿ ನಿಮ್ಮ ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾನೆ, ಒಂದು ಕೈಯಲ್ಲಿ 108ಕ್ಕೆ ಫೋನು ಹಚ್ಚುತ್ತಾನೆ. ನಿಮ್ಮ ಬಾಯಿಂದ ಹೊರಡುವುದು ಒಂದೇ ಮಾತು: "ಲಾರಿ ನಂಬರು... ನೋಡ್ಕೊಳಪ್ಪ." ಅವನು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾನೆ. ಲಾರಿ ಗುರುತು ಸಿಗದೆ ಹೊರಟುಹೋಗಿದ್ದರೆ, ಗಂಭೀರ ಗಾಯಕ್ಕೆ ಸರ್ಕಾರದ ನಿಧಿಯಿಂದ ಸಿಗುವುದು 50,000 ರೂಪಾಯಿ, ಜೀವವೇ ಹೋದರೆ 2 ಲಕ್ಷ. ಆ ಒಂದು ಫೋಟೊ ಮುಂದಿನ ಬಾಗಿಲುಗಳನ್ನೆಲ್ಲ ತೆರೆದಿಡುತ್ತದೆ.

ಆಸ್ಪತ್ರೆ. ಸ್ಪಿರಿಟ್ಟಿನ ವಾಸನೆ, ಚಕ್ರ ಕಿರಗುಡುವ ಸ್ಟ್ರೆಚರ್, ಕಣ್ಣು ಚುಚ್ಚುವ ಬೆಳಕು. ಪ್ಯಾಂಟನ್ನು ಕತ್ತರಿಯಿಂದ ಸೀಳುತ್ತಿದ್ದಾರೆ. ಡ್ಯೂಟಿ ಡಾಕ್ಟರು ರಿಜಿಸ್ಟರಿನಿಂದ ತಲೆ ಎತ್ತದೆ ಕೇಳುತ್ತಾರೆ: "ಹೇಗಾಯ್ತು?" ಅಷ್ಟರಲ್ಲಿ ಓಡಿ ಬಂದ ಭಾಮೈದ ಕಿವಿಯಲ್ಲಿ ಪಿಸುಗುಡುತ್ತಾನೆ: "ಸ್ಕಿಡ್ ಆಗಿ ಬಿದ್ದೆ ಅಂದ್ಬಿಡು ಭಾವ. ಪೊಲೀಸು ಗಿಲೀಸು ಯಾಕೆ? ಮೊದಲು ಟ್ರೀಟ್‌ಮೆಂಟು ಆಗ್ಲಿ."

ಇಲ್ಲಿ ಸ್ವಲ್ಪ ನಿಲ್ಲಿ. ಹಲ್ಲು ಕಟಕಟಿಸುತ್ತಿವೆ, ನಾಲಿಗೆ ಒಣಗಿದೆ, ಭಾಮೈದನ ಮಾತಿನಲ್ಲಿ ಕೇಡಿಲ್ಲ. ಆದರೆ ಡಾಕ್ಟರು ಈಗ ಬರೆಯುವ ಸಾಲು ಎಂಎಲ್‌ಸಿ, ಅಂದರೆ ಮೆಡಿಕೋ-ಲೀಗಲ್ ಪ್ರಕರಣಗಳ ಪುಸ್ತಕದಲ್ಲಿ ಕೂರುತ್ತದೆ, ಅಲ್ಲಿಂದ ವೂಂಡ್ ಸರ್ಟಿಫಿಕೇಟಿಗೆ ಹೋಗುತ್ತದೆ. ಎರಡು ವರ್ಷದ ನಂತರ ವಿಮಾ ಕಂಪನಿಯ ವಕೀಲರು ಆ ಪುಟವನ್ನೇ ಎತ್ತಿ ಹಿಡಿಯುತ್ತಾರೆ: "ಲಾರಿ ಗುದ್ದಿಲ್ಲ, ತಾನೇ ಬಿದ್ದದ್ದು ಎಂದು ಆಸ್ಪತ್ರೆಯಲ್ಲಿ ಇವರೇ ಹೇಳಿದ್ದಾರೆ." ಅತ್ಯಂತ ಕಡಿಮೆ ಪ್ರಜ್ಞೆಯಿರುವ ಗಳಿಗೆಯಲ್ಲಿ ಅತ್ಯಂತ ಮುಖ್ಯವಾದ ಸಾಕ್ಷ್ಯ ನುಡಿಯಬೇಕಾಗಿ ಬರುವುದು ಕ್ರೂರವೆಂದೇ ನನಗನಿಸುತ್ತದೆ. ಈ ಸಂಗತಿಯನ್ನು ಮನೆಮನೆಯಲ್ಲಿ ಮೊದಲೇ ಹೇಳಿಕೊಟ್ಟಿರಬೇಕು.

ಉಸಿರು ಎಳೆದುಕೊಳ್ಳುತ್ತೀರಿ. "ಲಾರಿ ಗುದ್ದಿತು. ಎಡಕ್ಕೆ ತಿರುಗಿಸಿದ." ಪೆನ್ನು ಓಡುತ್ತದೆ.

ದುಡ್ಡಿನ ಭಯವೂ ಎದೆಯ ಮೇಲೇ ಕೂತಿದೆ. 2025ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನ, 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಿಮ್ಮ ಹಕ್ಕು. "ಆ ಸ್ಕೀಮಿನಲ್ಲಿ ಸೇರಿಸಿ" ಎಂದು ಕೇಳುವ ಕೆಲಸ ಭಾಮೈದನದು. ಕೇಳದಿದ್ದರೆ ತಾನಾಗಿ ಹೇಳುವವರು ಕಡಿಮೆ.

ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದಿವೆ, ಮಂಡಿಯ ಕೀಲು ಒಡೆದಿದೆ. ರಾಡು ಹಾಕಿದ್ದಾರೆ.

ಆಪರೇಷನ್ನಿನ ಮಾರನೆಯ ಬೆಳಿಗ್ಗೆ ಮಂಚದ ಪಕ್ಕ ಒಬ್ಬರು ಸೇಬಿನ ಚೀಲ ಹಿಡಿದು ಕೂತಿದ್ದಾರೆ. ಲಾರಿ ಮಾಲೀಕರ ಕಡೆಯವರು. ದನಿಯಲ್ಲಿ ಅಕ್ಕರೆಯಿದೆ. "ಡ್ರೈವರ್ರಿಗೂ ಮಕ್ಕಳಿದ್ದಾರೆ. ಕೋರ್ಟು ಅಲೆದು ಏನು ಸಿಗ್ತದೆ? ಇದು ಇಟ್ಕೊಳ್ಳಿ." ದಿಂಬಿನ ಕೆಳಗೆ ಕವರು ಸರಿಯುತ್ತದೆ, ಅದರ ಬೆನ್ನಿಗೆ ಒಂದು ಕಾಗದ, ಸಹಿಗೆ ಪೆನ್ನು. ಹೊರಗಿನ ಬೆಂಚಿನಲ್ಲಿ ಹೆಂಡತಿ ಕೂತಿದ್ದಾಳೆ. ಗಾರ್ಮೆಂಟ್ಸ್ ಕೆಲಸಕ್ಕೆ ಅವಳು ಹೋಗದೆ ಇದು ಮೂರನೆಯ ದಿನ. ಬೆರಳು ಕವರಿನ ದಪ್ಪವನ್ನು ತಾನಾಗಿ ಅಳೆಯುತ್ತದೆ.

ಡ್ರೈವರಿನ ಮಕ್ಕಳ ಮಾತು ಸುಳ್ಳಲ್ಲ. ಅವನೂ ಎರಡು ರಾತ್ರಿ ನಿದ್ದೆಗೆಟ್ಟು ಸ್ಟೇರಿಂಗ್ ಹಿಡಿದವನಿರಬಹುದು. ಆದರೆ ನೀವು ಕೇಳಬೇಕಾದ ಪರಿಹಾರ ಅವನ ಮಕ್ಕಳ ಅನ್ನದಿಂದ ಬರುವುದಲ್ಲ. ರಸ್ತೆಗಿಳಿಯುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಮಾಲೀಕರು ಕಂತು ಕಟ್ಟಿರುವುದು ಇಂಥ ಸಂಜೆಗಾಗಿಯೇ. ಲೈಸೆನ್ಸಿನಲ್ಲಿ ದೋಷವಿದೆ ಎಂದು ಕಂಪನಿ ತಕರಾರು ತೆಗೆದರೂ, ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಿ ಎಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಕಾಗದವನ್ನು ಹಿಂದಕ್ಕೆ ತಳ್ಳುತ್ತೀರಿ. ಕೈ ನಡುಗುತ್ತದೆ. ಸೇಬಿನ ಚೀಲವೂ ಕವರಿನೊಂದಿಗೆ ವಾಪಸು ಹೋಗುತ್ತದೆ.

ಮಧ್ಯಾಹ್ನ ಬರುವ ಹೆಡ್ ಕಾನ್‌ಸ್ಟೆಬಲ್‌ಗೆ ಅದೇ ಮಾತು, ಅದೇ ಕ್ರಮದಲ್ಲಿ. ಎಫ್‌ಐಆರ್ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ರ ಅಡಿ ದಾಖಲಾಗುತ್ತದೆ. ಸಂಜೆ ಇನ್ನೊಬ್ಬರು ಬರುತ್ತಾರೆ: "ಕೇಸು ನಾವು ನೋಡ್ಕೋತೀವಿ, ಬಂದದ್ದರಲ್ಲಿ ಪರ್ಸೆಂಟೇಜು." ಗೆದ್ದ ಹಣದಲ್ಲಿ ಪಾಲು ಎಂಬ ಕರಾರನ್ನು ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ಮಹಿಳೆಯರು, ಪರಿಶಿಷ್ಟರು, ಅಂಗವಿಕಲರು, ಆದಾಯಮಿತಿಯೊಳಗಿನ ಬಡವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರನ್ನು ಪಡೆಯಬಹುದು. ಸಂಜೆ ಬಂದವರನ್ನೂ ಕಳಿಸಿಬಿಡುತ್ತೀರಿ.

ತಿಂಗಳುಗಳು ಹಾಸಿಗೆಯಲ್ಲಿ ಉರುಳುತ್ತವೆ. ಪಟ್ಟಿಯ ಒಳಗಿನ ತುರಿಕೆಗೆ ಬೆರಳು ತಲುಪುವುದಿಲ್ಲ. ಶೌಚಕ್ಕೆ ಹೆಂಡತಿಯ ಹೆಗಲು ಬೇಕು. ಆ ನಾಚಿಕೆ ನೋವಿಗಿಂತ ಹೆಚ್ಚು ಬಾಧಿಸುತ್ತದೆ. ಅವಳು ಬಿಟ್ಟ ಕೂಲಿ, ಆರೈಕೆಯ ಶ್ರಮ, ಆಟೋ ಬಾಡಿಗೆ, ಮುಂದೆ ರಾಡು ತೆಗೆಸುವ ಖರ್ಚು, ಎಲ್ಲವನ್ನೂ ಪರಿಹಾರದ ಅರ್ಜಿಯಲ್ಲಿ ಕೇಳಬಹುದು. ಔಷಧದ ಒಂದೊಂದು ಚೀಟಿಯನ್ನೂ ಅವಳು ಅಕ್ಕಿ ಡಬ್ಬಿಯ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಕೂಡಿಡುತ್ತಿದ್ದಾಳೆ. ಅರ್ಜಿಗೆ ಆರು ತಿಂಗಳ ಗಡುವಿದೆ. 2022ರ ಏಪ್ರಿಲ್ 1ರಿಂದ ಬಂದ ನಿಯಮ. ಅದನ್ನು ಪ್ರಶ್ನಿಸಿದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಮುರಿದ ಕಾಲಿನವನಿಗೆ ಗಡುವಿನ ಗೋಡೆ ಕಟ್ಟುವುದು ನನಗೆ ನ್ಯಾಯವೆನಿಸುವುದಿಲ್ಲ. ಆದರೂ ಆ ವಾದವನ್ನು ನಂಬಿ ಕೂರಬೇಡಿ. ಊರುಗೋಲಿನಲ್ಲಿ ಹೋಗಿ ಐದನೆಯ ತಿಂಗಳಲ್ಲೇ ಸಹಿ ಹಾಕುತ್ತೀರಿ. ಅರ್ಜಿಯನ್ನು ನೀವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು.

ತುಮಕೂರಿನ ನ್ಯಾಯಾಲಯ. ಕಟಕಟೆಯ ಮರ ಅಂಗೈಗೆ ನುಣುಪಾಗಿ ತಾಗುತ್ತದೆ. ವಿಮಾ ಕಂಪನಿಯ ವಕೀಲರು ದನಿ ಏರಿಸುವುದಿಲ್ಲ.

"ನೀವು ಅತಿವೇಗದಲ್ಲಿ ಬಂದು ಲಾರಿಗೆ ಡಿಕ್ಕಿ ಹೊಡೆದಿರಿ ಎಂದರೆ ಸರಿಯೇ?"

"ಸರಿಯಲ್ಲ."

"ಪರಿಹಾರದ ಆಸೆಗೆ ಸುಳ್ಳು ಹೇಳುತ್ತಿದ್ದೀರಿ ಎಂದರೆ?"

ಕಿವಿ ಕಾದು ಕೆಂಪಾಗುತ್ತದೆ. ಜಗಳಕ್ಕಿಳಿಯುವ ಮನಸ್ಸಾಗುತ್ತದೆ. "ಸರಿಯಲ್ಲ" ಎಂದಷ್ಟೇ ಹೇಳುತ್ತೀರಿ. ಇದು ಕೊಲೆಯ ವಿಚಾರಣೆಯಲ್ಲ. ಎಳ್ಳಷ್ಟೂ ಸಂಶಯವಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ಯಾವ ಕಡೆಯ ಮಾತು ಹೆಚ್ಚು ಸಂಭವನೀಯ ಎಂಬುದು ಸಾಕು. ಕ್ಯಾಶುವಾಲ್ಟಿಯ ಆ ಸಾಲು ನಿಮ್ಮ ಜೊತೆಗಿದೆ.

ಕೆಲವು ವಾರಗಳ ಬಳಿಕ ಲೋಕ ಅದಾಲತ್. ಉದ್ದ ಮೇಜು, ತಿರುಗುವ ಫ್ಯಾನು, ಕಡತಗಳ ರಾಶಿ. "ಐದು ಲಕ್ಷ. ಇವತ್ತೇ ಮುಗಿಸೋಣ" ಎನ್ನುತ್ತಾರೆ ಕಂಪನಿಯವರು. ಮನೆಯಲ್ಲಿ ಬಡ್ಡಿ ಸಾಲ ಬೆಳೆಯುತ್ತಿದೆ. ಒಪ್ಪಿದರೆ ಅಂತಿಮ, ಅದಾಲತ್ತಿನ ತೀರ್ಮಾನಕ್ಕೆ ಮೇಲ್ಮನವಿಯಿಲ್ಲ. ಹೊಟ್ಟೆಯಲ್ಲಿ ಏನೋ ಕಲಸುತ್ತದೆ.

ನಿಮ್ಮ ಪರ ವಕೀಲೆ ನಿಮ್ಮನ್ನು ಕಿಟಕಿಯ ಪಕ್ಕಕ್ಕೆ ಕರೆದು ಕಡತದ ಬೆನ್ನಿನ ಮೇಲೆ ಲೆಕ್ಕ ಬರೆಯುತ್ತಾರೆ. ತಿಂಗಳ ಆದಾಯ 15,000 ಎಂದು ಹಿಡಿಯೋಣ. ವಯಸ್ಸು ನಲವತ್ತರೊಳಗೆ, ಭವಿಷ್ಯದ ಏರಿಕೆಗೆ ಶೇ. 40 ಸೇರಿಸಿದರೆ 21,000. ವರ್ಷಕ್ಕೆ 2,52,000. ನಿಮ್ಮ ವಯಸ್ಸಿಗೆ 2009ರ ಸರಳಾ ವರ್ಮಾ ತೀರ್ಪಿನ ಗುಣಕ 16. ಒಟ್ಟು 40,32,000. ಇದರಲ್ಲಿ ನಿಮ್ಮ ದುಡಿಯುವ ಶಕ್ತಿ ಎಷ್ಟು ಹೋಯಿತೋ ಅಷ್ಟು ಪಾಲು. ಡಾಕ್ಟರು ಕಾಲಿಗೆ ಶೇ. 45 ಊನವೆಂದು ಬರೆದಿದ್ದಾರೆ. ಮೂರರಲ್ಲಿ ಒಂದು ಎಂದು ಇಡೀ ದೇಹಕ್ಕೆ ಶೇ. 15 ಹಿಡಿದರೆ 6,04,800. ಶೇ. 30 ಎಂದು ಸಾಬೀತಾದರೆ 12,09,600. ನೋವು, ಆಸ್ಪತ್ರೆ ಬಿಲ್ಲು, ಬಡ್ಡಿ ಬೇರೆ.

"ಕಾಲಿಗೆ ಎಷ್ಟಾಯ್ತು ಅನ್ನೋದಲ್ಲ, ಕೆಲಸಕ್ಕೆ ಎಷ್ಟಾಯ್ತು ಅನ್ನೋದು ಪ್ರಶ್ನೆ" ಎನ್ನುತ್ತಾರೆ ಆಕೆ. 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಎಡಗೈ ಹೋದರೆ ಚಾಲಕನಿಗೆ, ಬಡಗಿಗೆ ದುಡಿಮೆಯೇ ಹೋದಂತೆ, ಗುಮಾಸ್ತನಿಗೆ ಹಾಗಲ್ಲ. ನಮ್ಮ ರಾಜ್ಯದಿಂದಲೇ ಹೋದ ಸೈಯದ್ ಸಾದಿಕ್ ಪ್ರಕರಣದಲ್ಲಿ, ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯ ದುಡಿಮೆಯ ನಷ್ಟವನ್ನು ಅದೇ ಕೋರ್ಟು 2014ರಲ್ಲಿ ಶೇ. 85ಕ್ಕೆ ಏರಿಸಿತು. ಅವರ ಬಳಿ ಸಂಬಳದ ಚೀಟಿ ಇರಲಿಲ್ಲ. ಇಂಥವರಿಂದ ಅದನ್ನು ನಿರೀಕ್ಷಿಸಬಾರದೆಂದೇ ಕೋರ್ಟು ಹೇಳಿತು.

ಹೆಂಡತಿಯ ಮುಖ ನೋಡುತ್ತೀರಿ. ಅವಳು ಲೆಕ್ಕದ ಕಾಗದವನ್ನೇ ನೋಡುತ್ತಿದ್ದಾಳೆ. "ಬೇಡ ಮೇಡಂ. ಡಾಕ್ಟರನ್ನು ಕರೆಸಿ."

ಡಾಕ್ಟರು ಕಟಕಟೆ ಹತ್ತುವ ದಿನ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ವಕೀಲೆ ಶೇಕಡದ ಪ್ರಶ್ನೆಯನ್ನು ಮೊದಲು ಕೇಳುವುದೇ ಇಲ್ಲ.

"ಇವರು ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಗಾರೆ ಹಾಕಬಲ್ಲರೇ?"

"ಇಲ್ಲ. ಮಂಡಿ ಅಷ್ಟು ಮಡಚುವುದಿಲ್ಲ."

"ಸಿಮೆಂಟ್ ಬಾಂಡ್ಲಿ ಹೊತ್ತು ಸಾರುವೆ ಹತ್ತಬಲ್ಲರೇ?"

"ಸಾಧ್ಯವಿಲ್ಲ. ಹತ್ತಿದರೆ ಅಪಾಯ."

ನ್ಯಾಯಾಧೀಶರು ಟೈಪಿಸ್ಟಿನ ಕಡೆ ತಿರುಗಿ ಆ ಎರಡು ಉತ್ತರಗಳನ್ನು ನಿಧಾನವಾಗಿ ಉಕ್ತಲೇಖನ ಕೊಡುತ್ತಾರೆ. ವಿಮಾ ಕಂಪನಿಯ ವಕೀಲರು ಪಾಟಿ ಸವಾಲಿಗೆ ಎದ್ದು ನಿಲ್ಲುತ್ತಾರೆ.