ಪದಕದ ಬೆನ್ನು

ಹವ್ಯಾಸಗಳಲ್ಲೂ ಮೇಲುಕೀಳುಂಟು. ಅಂಚೆಚೀಟಿ, ಹಳೇ ನಾಣ್ಯ, ಗ್ರಾಮಫೋನ್ ತಟ್ಟೆ ಕೂಡಿಡುವವರನ್ನು ಜನ ಮೆಚ್ಚಿ ಮಾತಾಡಿಸುತ್ತಾರೆ. ಈಗ ಇಲ್ಲದ ದೇಶವೊಂದರಲ್ಲಿ, ಗುರುತುಪರಿಚಯವಿಲ್ಲದ ಜನ ಗೆದ್ದ ಪದಕಗಳನ್ನು ಕೂಡಿಡುತ್ತೇನೆ ಎಂದರೆ ಮಾತ್ರ ಅನುಮಾನದಿಂದ ನೋಡಿ, “ಬೆಳ್ಳೀವಾ?” ಎಂದು ಕೇಳುತ್ತಾರೆ. ಹೌದು, ಕೆಲವು ಬೆಳ್ಳಿಯವೇ. ಅಷ್ಟು ಹೇಳಿದರೆ ಅವರಿಗೆ ಸಮಾಧಾನ. ನನ್ನ ಹೆಂಡತಿಯ ಪ್ರಶ್ನೆ ಅಷ್ಟು ಸಲೀಸಲ್ಲ: “ಯಾರೋ ಪ್ರಾಣ ಒತ್ತೆಯಿಟ್ಟು ಸಂಪಾದಿಸಿದ್ದು, ನಮ್ಮನೇಲಿ ಯಾಕ್ರೀ?”

ಅವು ನಮ್ಮ ಮನೆಗೆ ಬಂದದ್ದು ಬರ್ಲಿನ್ನಿನ ದಾರಿಯಿಂದ. ಅಲ್ಲಿ ನೆಲೆಸಿರುವ ನನ್ನ ಭಾಮೈದ ಹಳೇ ಸಾಮಾನಿನ ಸಂತೆ ಸುತ್ತುವುದರಲ್ಲಿ ಗಟ್ಟಿಗ. ಗೋಡೆ ಬಿದ್ದ ಮೇಲೆ ಪೂರ್ವ ಜರ್ಮನಿಯಲ್ಲಿ ಬೀಡುಬಿಟ್ಟಿದ್ದ ಸೋವಿಯತ್ ಸೈನ್ಯ ಗಂಟುಮೂಟೆ ಕಟ್ಟತೊಡಗಿ, 1994ರ ಆಗಸ್ಟ್ ಹೊತ್ತಿಗೆ ಪೂರ್ತಿ ತೆರವಾಯಿತು. ಆ ವರ್ಷಗಳಲ್ಲಿ ಬ್ರಾಂಡೆನ್‌ಬರ್ಗ್ ಹೆಬ್ಬಾಗಿಲಿನ ಆಸುಪಾಸು ತುಪ್ಪಳದ ಟೋಪಿ, ದುರ್ಬೀನು, ಬೆಲ್ಟಿನ ಬಕಲುಗಳ ಜೊತೆ ಪದಕಗಳೂ ಬಿಕರಿಗಿದ್ದವು. ಮಾಸ್ಕೋದ ಅರ್ಬಾತ್ ಬೀದಿಯಲ್ಲಿ, ಇಜ್ಮೈಲೊವೊ ಸಂತೆಯಲ್ಲಿ ಕೂಡ ಅದೇ ಕಥೆ. ರೂಬಲ್ ಕುಸಿದು ಪಿಂಚಣಿಗೆ ಬೆಲೆಯೇ ಇಲ್ಲದಂತಾದಾಗ ಎಷ್ಟೋ ಮುದುಕರು ಎದೆಯ ಮೇಲಿನದನ್ನು ಬಿಚ್ಚಿಕೊಟ್ಟು ಹೊಟ್ಟೆಗೆ ತಂದುಕೊಂಡರು. ರಷ್ಯದ ಕಾನೂನಿನಲ್ಲಿ ಸರ್ಕಾರಿ ಪದಕ ಮಾರುವುದೂ ಅಪರಾಧ, ಕೊಳ್ಳುವುದೂ ಅಪರಾಧ. ಹಾಗಾಗಿ ನಾನು ಅಲ್ಲಿಂದ ಏನನ್ನೂ ತರಿಸುವುದಿಲ್ಲ; ಎಂದೋ ಗಡಿ ದಾಟಿ ಜರ್ಮನಿಯ ಡಬ್ಬಿಗಳಲ್ಲಿ ಉಳಿದುಹೋದವು ಸಿಕ್ಕರೆ ಸಾಕು. ಹೇಗೂ ಮನೆ ಬಿಟ್ಟು ಬಂದಿವೆ, ಕರಗಿಸುವವನ ಕೈ ಸೇರುವ ಬದಲು ಓದುವವನ ಕೈ ಸೇರಲಿ ಎಂದು ಹೆಂಡತಿಯ ಮುಂದೆ ನನ್ನ ವಾದ. ಪದಕವನ್ನು ಓದುವುದುಂಟೇ ಎಂದರೆ, ಉಂಟು, ಬೆನ್ನಿನ ಕಡೆಯಿಂದ.

ಕೆಂಪು ತಾರೆಯನ್ನೇ ನೋಡಿ. 1930ರಲ್ಲಿ ಶುರುವಾದ ಆರ್ಡರ್ ಇದು. ಅಂಗೈ ನಡುವೆ ಕೂರುವ ಐದು ಮೂಲೆಯ ಬೆಳ್ಳಿ ನಕ್ಷತ್ರ, ಮೂಲೆಗಳಿಗೆಲ್ಲ ಮಾಣಿಕ್ಯಗೆಂಪಿನ ಎನಾಮಲ್. ನಡುವಿನ ಗುರಾಣಿಯಲ್ಲಿ ಉದ್ದನೆ ನಿಲುವಂಗಿ ತೊಟ್ಟು, ಚೂಪು ಟೋಪಿಯಿಟ್ಟು, ಬಂದೂಕು ಹಿಡಿದು ನಿಂತ ಸೈನಿಕ. ಅವನ ಸುತ್ತ ಸಕಲ ದೇಶಗಳ ಕಾರ್ಮಿಕರು ಒಂದಾಗಲಿ ಎಂಬ ಕರೆ. ಕೆಳಗೆ ಸುತ್ತಿಗೆ, ಕುಡುಗೋಲು. ಲಕ್ಷಾಂತರ ತಾರೆಗಳಿಗೂ ಇದೊಂದೇ ಮುಖ. ಈಗ ಬೋರಲು ಹಾಕಿ. ನಡುವೆ ತಿರುಪಿನ ಕಂಬಿ, ಅದಕ್ಕೊಂದು ದುಂಡು ನಟ್ಟು. ಸಮವಸ್ತ್ರಕ್ಕೆ ತೂತು ಕೊರೆದು ಕಂಬಿ ತೂರಿಸಿ ಒಳಗಿನಿಂದ ನಟ್ಟು ಬಿಗಿಯಬೇಕು. ಬಲ ಎದೆಗೆ, ರಿಬ್ಬನ್ನಿನ ಹಂಗಿಲ್ಲದೆ. ಬೆನ್ನಿನ ಮೇಲೆ ಟಂಕಸಾಲೆಯ ಗುರುತು, ಕೈಯಲ್ಲಿ ಕೊರೆದ ಸಂಖ್ಯೆ. ಭೂತಗನ್ನಡಿ ಹಿಡಿದರೆ ಕೊರೆದವನ ಕೈಬರಹವೇ ಕಾಣುತ್ತದೆ: ಒಂದು ಏಳರ ಬಾಲ ಜಾರಿದೆ, ಒಂದು ಎಂಟರ ಹೊಟ್ಟೆ ಸರಿಯಾಗಿ ಮುಚ್ಚಿಲ್ಲ. ಖೋಟಾ ಮಾಡುವವರು ಹಳೆಯ ಸಂಖ್ಯೆ ಉಜ್ಜಿ ಹೊಸದು ಕೊರೆದಿದ್ದರೆ ಅಷ್ಟು ಜಾಗ ಕೊಂಚ ತಗ್ಗಿರುತ್ತದೆ, ಸುತ್ತಲಿನ ಮಾಸಲು ಬೆಳ್ಳಿಗೆ ಹೊಂದುವುದಿಲ್ಲ. ಎನಾಮಲ್ಲಿನ ಚಕ್ಕೆ ಎದ್ದಿದ್ದರೆ ವ್ಯಾಪಾರಿಗಳು ಬೆಲೆ ಇಳಿಸುತ್ತಾರೆ. ನನಗೆ ಅಂಥದೇ ಇಷ್ಟ. ಚಕ್ಕೆ ಎದ್ದಿದೆ ಎಂದರೆ ಅದನ್ನು ತೊಟ್ಟು ಓಡಾಡಿದವನೊಬ್ಬನಿದ್ದ ಎಂದರ್ಥ.

ಅವನು ಯಾರು ಎಂಬುದೇ ಈ ಹವ್ಯಾಸದ ಹುಚ್ಚು. ಸೋವಿಯತ್ ಸರ್ಕಾರ ಆರ್ಡರ್ ಕೊಡುವಾಗ ಜೊತೆಗೊಂದು ಪುಟ್ಟ ಪುಸ್ತಕ ಕೊಡುತ್ತಿತ್ತು. ಹೆಸರು, ಪದಕ, ಸಂಖ್ಯೆ ಎಲ್ಲ ಅದರಲ್ಲಿ ನಮೂದು. ಅದನ್ನು ತೋರಿಸಿದರೆ ಟ್ರಾಮಿನಲ್ಲಿ ಪುಕ್ಕಟೆ ಪ್ರಯಾಣ, ತಿಂಗಳಿಗಿಷ್ಟು ರೂಬಲ್. 1948ರಿಂದ ಆ ಸವಲತ್ತುಗಳೆಲ್ಲ ರದ್ದಾದವು. ಅದೇ ವಿವರದ ಇನ್ನೊಂದು ಕಾರ್ಡು ಸರ್ಕಾರದ ಬಳಿ ಉಳಿಯಿತು. ಮಾಸ್ಕೋ ಪಕ್ಕದ ಪೊದೋಲ್ಸ್ಕಿನಲ್ಲಿರುವ ರಕ್ಷಣಾ ಇಲಾಖೆಯ ಪತ್ರಾಗಾರದಲ್ಲಿ ಯುದ್ಧಕಾಲದ ಶಿಫಾರಸು ಹಾಳೆಗಳು ರಾಶಿ ರಾಶಿ ಇವೆ. 2010ರಲ್ಲಿ ‘ಪೋದ್ವಿಗ್ ನರೋದಾ’ ಎಂಬ ಹೆಸರಿನಲ್ಲಿ ಅವನ್ನು ಕಂಪ್ಯೂಟರಿಗೇರಿಸಿ ಎಲ್ಲರಿಗೂ ತೆರೆದಿಟ್ಟರು. ಆದರೆ ಅಲ್ಲಿ ಹುಡುಕಬೇಕಾದ್ದು ಹೆಸರು ಹಿಡಿದು. ನನ್ನ ಕೈಲಿರುವುದು ಸಂಖ್ಯೆ. ಪುಸ್ತಕದ ಸಮೇತ ಸಿಕ್ಕ ಪದಕವಾದರೆ ಅರ್ಧ ಗಂಟೆಯಲ್ಲಿ ಯಜಮಾನ ಸಿಗುತ್ತಾನೆ. ಒಂಟಿ ಪದಕವಾದರೆ ಕಾಯುತ್ತಾ ಕೂರಬೇಕು. ಕಾಯುವ ಹೊತ್ತಿನಲ್ಲಿ ಕಲ್ಪನೆ ಬೆಳೆಯುತ್ತದೆ: ಈತ ಸ್ಟಾಲಿನ್‌ಗ್ರಾದಿನಲ್ಲಿದ್ದನೋ, ನೀಪರ್ ನದಿ ದಾಟಿದನೋ!

ಕಲ್ಪನೆಗೆ ತಣ್ಣೀರೆರಚುವ ಒಂದು ಸಂಗತಿಯಿದೆ. 1944ರ ಜೂನಿನಲ್ಲಿ ಹೊರಟ ಆಜ್ಞೆಯ ಪ್ರಕಾರ ಸೈನ್ಯದಲ್ಲಿ 15 ವರ್ಷ ಸೇವೆ ಪೂರೈಸಿದವರಿಗೆ ಕೆಂಪು ತಾರೆ, 20 ವರ್ಷಕ್ಕೆ ಕೆಂಪು ಬಾವುಟ, 25ಕ್ಕೆ ಲೆನಿನ್ ಆರ್ಡರ್. 1957ರವರೆಗೂ ನಡೆದುಬಂದ ಪದ್ಧತಿ. ಅಂದರೆ ನನ್ನ ತಾರೆಯ ಯಜಮಾನ ಟ್ಯಾಂಕಿಗೆ ಎದೆಯೊಡ್ಡಿದವನೂ ಇರಬಹುದು, ಉಗ್ರಾಣದಲ್ಲಿ ಬೂಟು ಎಣಿಸುತ್ತಾ ಲೆಡ್ಜರು ಬರೆದ ಗುಮಾಸ್ತನೂ ಇರಬಹುದು. ಮುಂಭಾಗ ನೋಡಿದರೆ ಇಬ್ಬರಿಗೂ ಒಂದೇ ಸೈನಿಕ, ಒಂದೇ ಬಂದೂಕು.

ಈ ಗೊಂದಲವಿಲ್ಲದ ಪದಕವೆಂದರೆ ‘ಧೈರ್ಯಕ್ಕಾಗಿ’. 1938ರ ಅಕ್ಟೋಬರಿನಲ್ಲಿ ಹುಟ್ಟಿದ್ದು. ಬೆಳ್ಳಿಯ ಬಿಲ್ಲೆ, ಮೇಲೆ ಮೂರು ವಿಮಾನ, ಕೆಳಗೊಂದು ಟ್ಯಾಂಕು, ನಡುವೆ ಕೆಂಪಕ್ಷರದಲ್ಲಿ ಎರಡೇ ಮಾತು: ಜಾ ಅತ್ವಾಗು. ನಾಯಕನ ಮುಖವಿಲ್ಲ, ಘೋಷಣೆಯಿಲ್ಲ. ಎಷ್ಟು ವರ್ಷ ಕುರ್ಚಿ ಸವೆಸಿದರೂ ಇದು ಬರುವುದಿಲ್ಲ. ಯುದ್ಧಭೂಮಿಯಲ್ಲಿ ಸ್ವಂತ ಧೈರ್ಯ ತೋರಿದವನಿಗೇ ಸಲ್ಲಬೇಕು. ಯುದ್ಧಕಾಲದಲ್ಲಿ 40 ಲಕ್ಷಕ್ಕೂ ಮೀರಿ ಹಂಚಿದರೂ ಸಾಮಾನ್ಯ ಸೈನಿಕ ಇದನ್ನು ದೊಡ್ಡ ಆರ್ಡರುಗಳಿಗಿಂತ ಹೆಚ್ಚು ಹಚ್ಚಿಕೊಂಡಿದ್ದ.

ಧೈರ್ಯವನ್ನು ಅಳೆಯಲೂ ಅವರು ಹೊರಟಿದ್ದುಂಟು. 1942ರ ಮೇ ತಿಂಗಳಲ್ಲಿ ಸ್ಥಾಪಿಸಿದ ‘ದೇಶಭಕ್ತಿಯ ಸಮರ’ ಆರ್ಡರಿನ ನಿಯಮಾವಳಿ ಓದಿದರೆ ನ್ಯಾಯಬೆಲೆ ಅಂಗಡಿಯ ಬೋರ್ಡು ಓದಿದಂತಾಗುತ್ತದೆ. ಫಿರಂಗಿಯಿಂದ ಒಬ್ಬನೇ ಎರಡು ಭಾರಿ ಇಲ್ಲವೇ ಮಧ್ಯಮ ಟ್ಯಾಂಕು ಹೊಡೆದರೆ ಮೊದಲ ದರ್ಜೆ. ಹಗುರ ಟ್ಯಾಂಕಾದರೆ ಮೂರು ಬೇಕು. ತಂಡವಾಗಿ ಹೊಡೆದಿದ್ದರೆ ಭಾರಿಯವೇ ಮೂರು, ಹಗುರದ್ದು ಐದು. ನಗು ಬಂದರೂ ಇದರ ಹಿಂದೊಂದು ನ್ಯಾಯವಿದೆ. ಲೆಕ್ಕ ಬರೆದಿಟ್ಟರೆ ಮೇಲಧಿಕಾರಿಯ ಕೃಪೆ ಕಾಯಬೇಕಿಲ್ಲ. ಉಳಿದ ಆರ್ಡರುಗಳನ್ನು ಸತ್ತವನ ಮನೆಯವರು ಸರ್ಕಾರಕ್ಕೆ ಹಿಂತಿರುಗಿಸಬೇಕಿದ್ದ ಕಾಲದಲ್ಲಿ ಇದೊಂದನ್ನು ಹೆಂಡತಿ ಮಕ್ಕಳು ಇಟ್ಟುಕೊಳ್ಳಬಹುದಿತ್ತು.

ಮುಖಗಳ ಕಥೆ ಬೇರೆಯೇ. 1945ರಲ್ಲಿ ಜರ್ಮನಿಯನ್ನು ಗೆದ್ದ ನೆನಪಿಗೆ ಕೊಟ್ಟ ಹಿತ್ತಾಳೆ ಪದಕದಲ್ಲಿ ಸ್ಟಾಲಿನ್ನನ ಪಕ್ಕನೋಟವಿದೆ, ಸುಮಾರು 1.5 ಕೋಟಿ ಜನರ ಎದೆಗೇರಿದ ಪದಕ. 1956ರಲ್ಲಿ ಕ್ರುಶ್ಚೇವ್ ಸ್ಟಾಲಿನ್ನನ ಗುಟ್ಟು ರಟ್ಟು ಮಾಡಿದ ಮೇಲೆ ಊರೂರಿನ ಪ್ರತಿಮೆಗಳನ್ನು ಕೆಡವಿದರು, ಸ್ಟಾಲಿನ್‌ಗ್ರಾದಿನ ಹೆಸರೂ ಬದಲಾಯಿತು. ಎದೆಗಳ ಮೇಲಿನ ಮುಖ ಮಾತ್ರ ಹಾಗೇ ಉಳಿಯಿತು. 1965ರ ನೆನಪಿನ ಪದಕದ ಹೊತ್ತಿಗೆ ಆ ಜಾಗದಲ್ಲಿ ಬರ್ಲಿನ್ನಿನ ಟ್ರೆಪ್ಟೋ ಸ್ಮಾರಕದ ಅನಾಮಿಕ ಸೈನಿಕ ಬಂದು ನಿಂತಿದ್ದ. ಸೋವಿಯತ್ ಶಾಂತಿ ಪ್ರಶಸ್ತಿಗೂ ಇದೇ ಪಾಡು. ಸೈಫುದ್ದೀನ್ ಕಿಚ್ಲೂ ಅವರಿಗೆ 1952ರಲ್ಲಿ ಅದು ಸ್ಟಾಲಿನ್ ಹೆಸರಿನಲ್ಲಿ ಬಂತು; 1957ರಲ್ಲಿ ನಮ್ಮ ಬೆಂಗಳೂರಿನ ಸಿ.ವಿ. ರಾಮನ್ ಅವರಿಗೆ ಬರುವಷ್ಟರಲ್ಲಿ ಲೆನಿನ್ ಹೆಸರು ಹೊತ್ತಿತ್ತು. ಹಳಬರಿಗೆ ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯಿರಿ ಎಂದು ಹೇಳಿಕಳಿಸಿದರಂತೆ. ಇನ್ನು ಬ್ರೆಝ್ನೆವ್. ಮಹಾ ಸೇನಾನಿಗಳಿಗೆ ಮೀಸಲಾದ ವಜ್ರಖಚಿತ ‘ವಿಜಯ’ ಆರ್ಡರನ್ನು 1978ರಲ್ಲಿ ತನಗೇ ಕೊಡಿಸಿಕೊಂಡ. ಸತ್ತ ಮೇಲೆ, 1989ರಲ್ಲಿ, ನಿಯಮಕ್ಕೆ ವಿರುದ್ಧವೆಂದು ಅದು ರದ್ದಾಯಿತು. ಮಾಸ್ಕೋದಲ್ಲಿ ಭೂಕಂಪವಂತಲ್ಲ ಎಂದು ಕೇಳಿದವನಿಗೆ, ಬ್ರೆಝ್ನೆವ್ ಕೋಟು ಗೂಟದಿಂದ ಬಿತ್ತಷ್ಟೆ ಎಂದು ಉತ್ತರ ಬರುತ್ತಿದ್ದುದು ಅಲ್ಲಿಯವರದೇ ಜೋಕು.

ಕೆಂಪು ತಾರೆ ಪಡೆದವರಲ್ಲಿ ಭಾರತೀಯರೂ ಇದ್ದಾರೆ. ಬ್ರಿಟಿಷ್ ಭಾರತದ ಸೇನೆಯ ಸರಬರಾಜು ದಳದ ಸುಬೇದಾರ್ ನಾರಾಯಣರಾವ್ ನಿಕ್ಕಂ, ಹವಿಲ್ದಾರ್ ಗಜೇಂದ್ರ ಸಿಂಗ್ ಚಾಂದ್. ಇರಾನಿನ ಮೂಲಕ ಸೋವಿಯತ್ ಪಡೆಗಳಿಗೆ ಸಾಮಗ್ರಿ ಸಾಗಿಸಿದ್ದಕ್ಕೆ 1944ರಲ್ಲಿ ಬಂದ ಗೌರವ. ಬೂಟು ಎಣಿಸುವವರ ಕುಲದವರೇ ಅವರೂ. ಆ ಬೂಟು, ಆ ಹಿಟ್ಟು, ಆ ಪೆಟ್ರೋಲು ಬರದಿದ್ದರೆ ಟ್ಯಾಂಕಿಗೆ ಎದೆಯೊಡ್ಡುವವನು ಬರಿಗಾಲಲ್ಲಿ ಉಪವಾಸ ನಿಲ್ಲಬೇಕಿತ್ತು.

ಶಿಫಾರಸು ಹಾಳೆಗಳನ್ನು ಓದಲೆಂದೇ ಸಿರಿಲಿಕ್ ಅಕ್ಷರ ತಿದ್ದಿದೆ. ಮೇಲ್ಭಾಗದಲ್ಲಿ ಕಲಮುಗಳ ಸಾಲು: ಹೆಸರು, ತಂದೆಯ ಹೆಸರು, ಹುಟ್ಟಿದ ವರ್ಷ, ಜನಾಂಗ, ಪಕ್ಷದ ಸದಸ್ಯನೇ, ಸೈನ್ಯಕ್ಕೆ ಸೇರಿದ್ದೆಂದು, ಗಾಯಗೊಂಡದ್ದೆಲ್ಲಿ. ಕೆಳಗೆ ಸಾಹಸದ ವಿವರ, ಚುಟುಕಾಗಿ, ನಿರ್ದಿಷ್ಟವಾಗಿ. ಅದರ ಕೆಳಗೆ ರೆಜಿಮೆಂಟಿನಿಂದ ಮೇಲೆ ಮೇಲೆ ಏರುತ್ತಾ ಹೋದ ಅಧಿಕಾರಿಗಳ ಸಹಿ. ಒಮ್ಮೊಮ್ಮೆ ಕೆಳಗಿನವನು ದೊಡ್ಡದನ್ನು ಕೇಳಿರುತ್ತಾನೆ, ಮೇಲಿನವನು ಒಂದು ಮೆಟ್ಟಿಲು ಇಳಿಸಿರುತ್ತಾನೆ. ಇಂಥದೊಂದು ಹಾಳೆ ಜನರಲ್ ಫೆದ್ಯುನಿನ್‌ಸ್ಕಿಯ ಮೇಜಿಗೆ ಬಂದ ಪ್ರಸಂಗವಿದೆ. ಸೈನಿಕರಿಗೂ ಸಾರ್ಜೆಂಟರಿಗೂ ಮೀಸಲಾದ ‘ಕೀರ್ತಿ’ ಆರ್ಡರಿನ ಮೊದಲ ದರ್ಜೆಗೆ ಶಿಫಾರಸು, ಹೆಸರು ನೀನಾ ಪೆಟ್ರೋವಾ, ಕೆಲಸ ಸ್ನೈಪರ್, ವಯಸ್ಸು ಐವತ್ತು ದಾಟಿದೆ. ಟೈಪಿಸ್ಟ್ ತಪ್ಪು ಹೊಡೆದಿರಬೇಕೆಂದು ಜನರಲ್ ವಿಚಾರಿಸಿದ. ಟೈಪಿಸ್ಟ್ ಸರಿಯಾಗಿಯೇ ಹೊಡೆದಿದ್ದಳು. ಲೆನಿನ್‌ಗ್ರಾದಿನಲ್ಲಿ ಕ್ರೀಡಾ ತರಬೇತಿ ಕೊಡುತ್ತಿದ್ದ ಈ ಹೆಂಗಸು ಹುಟ್ಟಿದ್ದು 1893ರಲ್ಲಿ. ತಾನಾಗಿ ಸೈನ್ಯಕ್ಕೆ ಬಂದವಳು. ಆಕೆಯ ಲೆಕ್ಕದಲ್ಲಿ 122 ಶತ್ರುಗಳು. ಜನರಲ್ ಕರೆಸಿ ಮಾತಾಡಿಸಿ ಬಂದೂಕೊಂದನ್ನು ಉಡುಗೊರೆಯಾಗಿ ಕೊಟ್ಟ. ಯುದ್ಧ ಮುಗಿಯುವ ಹೊಸ್ತಿಲಲ್ಲಿ, 1945ರ ಮೇ 1ರಂದು, ವಾಹನ ಅಪಘಾತದಲ್ಲಿ ಆಕೆ ತೀರಿಕೊಂಡಳು. ಮೊದಲ ದರ್ಜೆಯ ‘ಕೀರ್ತಿ’ ಬಂದದ್ದು ಆಮೇಲೆ. ಮೂರೂ ದರ್ಜೆ ಪಡೆದ ಹೆಂಗಸರು ನಾಲ್ವರೇ, ಆಕೆ ಒಬ್ಬಳು.

ಆ ದೇಶ ಪದಕ ಹಂಚಿದ್ದು ತನ್ನ ಮಹಿಮೆ ಸಾರಲೆಂದು. ದೇಶ ಹೋಯಿತು, ಮಹಿಮೆಯೂ ಹೋಯಿತು. ಆದರೆ ಆರ್ಡರುಗಳಿಗೆ ಸಂಖ್ಯೆ ಹಾಕಿ, ಪ್ರತಿ ಸಂಖ್ಯೆಯ ಮುಂದೆ ಹೆಸರು ಬರೆದು, ಬರೆದದ್ದನ್ನು ಬಿಸಾಡದೆ ಇಟ್ಟುಕೊಂಡ ಗುಮಾಸ್ತರ ದೆಸೆಯಿಂದ ಮನುಷ್ಯರು ಉಳಿದುಕೊಂಡರು. ಗುಂಡು ಬೀಳುವ ಜಾಗದ ಪಕ್ಕದಲ್ಲೇ ಕೂತು, ಐವತ್ತು ದಾಟಿದ ಹೆಂಗಸಿನ ವಯಸ್ಸನ್ನು ಅನುಮಾನಿಸದೆ ಇದ್ದದ್ದನ್ನು ಇದ್ದಹಾಗೆ ಟೈಪು ಮಾಡಿದವಳ ಹೆಸರು ಯಾರಿಗೆ ಗೊತ್ತು? ಆದ್ದರಿಂದ 15 ವರ್ಷ ಲೆಡ್ಜರು ಬರೆದವನಿಗೂ ಕೆಂಪು ತಾರೆ ಸಂದಿತಲ್ಲ ಎಂಬ ಬಗ್ಗೆ ಈಗೀಗ ನನಗೆ ತಕರಾರಿಲ್ಲ. ಮುಂದೆಂದಾದರೂ ಒಂಟಿ ತಾರೆಯೊಂದರ ಯಜಮಾನ ಉಗ್ರಾಣದ ಗುಮಾಸ್ತನೆಂದು ತಿಳಿದುಬಂದರೆ ಬೇಸರಪಡುವುದಿಲ್ಲ. ಟ್ಯಾಂಕು ಹೊಡೆದವನ ಪಕ್ಕದಲ್ಲೇ ಅವನಿಗೂ ಜಾಗ ಮಾಡಿಕೊಡುತ್ತೇನೆ.