ಹಸಿವು ಯಾರ ಗುಣ?

ಹನೂರು ಕಡೆಯ ನನ್ನ ತವರಿನಲ್ಲಿ ಉಪವಾಸ ದೊಡ್ಡ ಸಂಗತಿಯಲ್ಲ. ಕಾರ್ತಿಕದ ಸೋಮವಾರಗಳಲ್ಲಿ ಮಾದಪ್ಪನ ಹೆಸರು ಹೇಳಿ ಅವ್ವ ಸಂಜೆಯವರೆಗೂ ಬರೀ ನೀರು ಕುಡಿದು ರಾಗಿ ಹೊಲದಲ್ಲಿ ದುಡಿಯುತ್ತಿದ್ದಳು. ಹಾಗಾಗಿ 112 ಕೆಜಿ ತೂಗುತ್ತಿದ್ದ ನನಗೆ ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು: ಬಾಯಿ ಕಟ್ಟು. ಹತ್ತಾರು ಸಲ ಕಟ್ಟಿದ್ದೆ. ಎಂಟು ಕೆಜಿ ಇಳಿಯುವಷ್ಟರಲ್ಲಿ ಹಸಿವು ಮೊದಲಿಗಿಂತ ಜೋರಾಗುತ್ತಿತ್ತು, ಹತ್ತು ಕೆಜಿ ವಾಪಸು ಬರುತ್ತಿತ್ತು.

ಮೂವತ್ತಾರಕ್ಕೇ ಬಿಪಿಗೆ ಎರಡು ಮಾತ್ರೆ, ಶುಗರಿಗೆ ಒಂದು. ಮೂರು ತಿಂಗಳಿಗೊಮ್ಮೆ ಮುಟ್ಟು. ಎಕೋ ಮಾಡಿದವರು ಹೃದಯದ ಎಡಗೋಡೆ ದಪ್ಪಗಾಗಿದೆ ಎಂದರು. ಕೊಳ್ಳೇಗಾಲದ ಶಾಲೆಗೆ ರಜೆ ಹಾಕಿ ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಜಠರದ ಮುಕ್ಕಾಲು ಭಾಗ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಷ್ಟು ಕೊಳವೆಯಾಗಿ ಉಳಿಸುವ ವಿಧಾನ ಅದು.

ಚೀಲ ಸಣ್ಣದಾಯಿತು, ಆದ್ದರಿಂದ ಊಟ ಕಡಿಮೆಯಾಯಿತು ಎಂದು ಊರು ತಿಳಿಯಿತು. ಆದದ್ದು ಅಷ್ಟೇ ಅಲ್ಲ. ಜಪಾನಿನ ಕೊಜಿಮಾ ಮತ್ತು ಕಂಗಾವಾ 1999ರಲ್ಲಿ ಗ್ರೆಲಿನ್ ಎಂಬ ಹಾರ್ಮೋನನ್ನು ಪತ್ತೆ ಹಚ್ಚಿದರು. ಹಸಿವಾಗಿದೆ ಎಂದು ಮೆದುಳಿಗೆ ಹೇಳಿಕಳಿಸುವುದು ಅದು. ಹೆಚ್ಚಿನಂಶ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ನನ್ನಲ್ಲಿ ಕತ್ತರಿಸಿ ತೆಗೆದದ್ದು ಆ ಭಾಗವನ್ನೇ. ಪಥ್ಯ ಮಾಡಿ ತೂಕ ಇಳಿಸಿದವರ ರಕ್ತದಲ್ಲಿ ಗ್ರೆಲಿನ್ ಏರುತ್ತದೆ ಎಂದು 2002ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಅಂದರೆ ನಾನು ಬಾಯಿ ಕಟ್ಟಿದಾಗಲೆಲ್ಲ ಮೈ ತನ್ನ ದನಿ ಏರಿಸುತ್ತಿತ್ತು. ಅದನ್ನು ಓದಿದ ದಿನ ಮನಸ್ಸಿನ ಮೇಲಿದ್ದ ಒಂದು ಹೊರೆ ಇಳಿಯಿತು.

ಹೊಟ್ಟೆ ತುಂಬಿತು ಎಂದು ಹೇಳುವ ಜಿಎಲ್‌ಪಿ-1 ಹಾರ್ಮೋನು ಈ ಶಸ್ತ್ರಚಿಕಿತ್ಸೆಯ ನಂತರ ಊಟವಾದೊಡನೆ ಹೆಚ್ಚು ಸುರಿಯುತ್ತದೆ. ಇನ್ಸುಲಿನ್ನಿಗೂ ಅದು ನೆರವಾಗುತ್ತದೆ. ಹಾಗಾಗಿ ತೂಕ ಇಳಿಯುವ ಮೊದಲೇ, ಮೊದಲ ವಾರದಲ್ಲೇ ನನ್ನ ಶುಗರ್ ಮಾತ್ರೆ ನಿಂತಿತು. ಎರಡನೇ ತಿಂಗಳು ಎದ್ದು ನಿಂತರೆ ಕಣ್ಣು ಕತ್ತಲೆ. ಬಿಪಿ ಇಳಿದಿತ್ತು, ಡಾಕ್ಟರು ಒಂದು ಮಾತ್ರೆ ತೆಗೆದರು. ನಾಲ್ಕನೇ ತಿಂಗಳು ಕೂದಲು ಗೊಂಚಲುಗೊಂಚಲಾಗಿ ಉದುರಿತು. ಅದೇ ತಿಂಗಳಿಂದ ಮುಟ್ಟು ಕ್ರಮಕ್ಕೆ ಬಂತು. ಗರ್ಭ ನಿಲ್ಲುವ ಸಾಧ್ಯತೆಯೂ ಈಗ ಹೆಚ್ಚು, ಒಂದೂವರೆ ವರ್ಷ ಮಗು ಬೇಡ ಎಂದು ಎಚ್ಚರಿಸಿದರು.

ಯಳಂದೂರಿನ ಅತ್ತೆಗೆ ಇದೆಲ್ಲ ಹಿಡಿಸಲಿಲ್ಲ. ತಟ್ಟೆಯಲ್ಲಿ ನಿಂಬೆಹಣ್ಣಿನ ಗಾತ್ರದ ಮುದ್ದೆ ನೋಡಿ, "ಕೂಸೇ, ಒಟ್ಟ ಅಸೀತಿಲ್ವಾ ನಿಂಗೆ?" ಎಂದು ಕಣ್ಣೀರು ತಂದುಕೊಂಡರು. ಉಣ್ಣಿಸುವುದೇ ಪ್ರೀತಿಯಾದ ಮನೆಯಲ್ಲಿ ಹಸಿಯದವಳು ಪರಕೀಯಳಂತೆ. ಮೊದಲು ಮೊಟ್ಟೆ, ಬೇಳೆ, ಆಮೇಲೆ ಮುದ್ದೆ, ಅರ್ಧ ಗಂಟೆ ಬಿಟ್ಟು ನೀರು ಎಂಬ ನನ್ನ ಕ್ರಮವನ್ನು ಈಗ ಅವರೇ ಕಾಯುತ್ತಾರೆ.

ಹೃದಯದ ಲೆಕ್ಕ ನಿಧಾನದ್ದು. ಕೊಬ್ಬು ಸುಮ್ಮನೆ ಕುಳಿತ ಮೂಟೆಯಲ್ಲ. ಅದೂ ಹಾರ್ಮೋನು ಸುರಿಸಿ ರಕ್ತದೊತ್ತಡ ಏರಿಸುತ್ತದೆ. ಅದು ಕರಗಿದಂತೆ ಹೃದಯದ ದುಡಿಮೆ ಹಗುರಾಗುತ್ತದೆ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾಗಿ ಸುಮಾರು 4,000 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಿಂದಾದ ಸಾವು ಕಡಿಮೆಯಿತ್ತು. ನನ್ನ ಎಕೋದಲ್ಲೂ ವರ್ಷದ ಬಳಿಕ ಆ ಗೋಡೆ ಕೊಂಚ ತೆಳುವಾಗಿತ್ತು. ಬಿಪಿಯ ಒಂದು ಮಾತ್ರೆ ಮಾತ್ರ ಇನ್ನೂ ಉಳಿದಿದೆ.

ಉಳಿದಿರುವುದು ಅದೊಂದೇ ಅಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಬದುಕಿರುವವರೆಗೂ ಬೇಕು. ಬಿಟ್ಟರೆ ರಕ್ತ, ನರ, ಮೂಳೆ ಸೊರಗುತ್ತವೆ. ಕತ್ತರಿಯ ಕೆಲಸ ಒಂದು ಬೆಳಗಿನದು, ರಕ್ತಪರೀಕ್ಷೆ ಆಯುಷ್ಯವಿಡೀ. ಹನೂರಿನಾಚೆಯ ಕಾಡಂಚಿನ ಹಳ್ಳಿಯಿಂದ ಯಾರಾದರೂ "ನಾನೂ ಮಾಡಿಸ್ಕಳ್ಳಲಾ?" ಎಂದು ಕೇಳಿದರೆ, ಎಷ್ಟು ಕೆಜಿ ಇಳಿದೆ ಎಂದು ನಾನು ಮೊದಲು ಹೇಳುವುದಿಲ್ಲ. ಮಾತ್ರೆ ಮುಗಿದ ದಿನ ಬಸ್ ಹತ್ತಿ ಬರಲು ನಿನ್ನಿಂದ ಆಗುತ್ತದಾ, ಮನೆಯವರು ಕಳಿಸುತ್ತಾರಾ ಎಂದು ಕೇಳುತ್ತೇನೆ.

ವರ್ಷ ದಾಟಿದ ಮೇಲೆ ಹಸಿವು ಮೆಲ್ಲಗೆ ಮರಳಿದೆ. ಮಧ್ಯಾಹ್ನ ಒಂದರ ಹೊತ್ತಿಗೆ ಬಂದು, ನಾಲ್ಕು ತುತ್ತಿಗೆ ಸುಮ್ಮನಾಗುತ್ತದೆ. ಅವ್ವನ ಹಸಿವೂ ಹೀಗೇ ಇತ್ತೇನೋ.