ಮನಸ್ಸು ಓದುವವರಿಗೊಂದು ಬಳಗ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಕೊಪ್ಪಳ ಸೀಮೆಯಲ್ಲಿ ಪ್ರತಿಭಾ ಪುರಸ್ಕಾರಗಳ ಸುಗ್ಗಿ. ಗಂಗಾವತಿಯಲ್ಲೊಂದು ಸಮಾರಂಭ, ಕುಷ್ಟಗಿಯಲ್ಲೊಂದು, ಯಲಬುರ್ಗಾದಲ್ಲೊಂದು. ಹುಡುಗರ ಹೆಗಲಿಗೆ ಶಾಲು, ಕೈಗೆ ಫಲಕ, ಹಿಂದಿನ ಸಾಲಿನಲ್ಲಿ ಕೂತ ಅವ್ವಂದಿರ ಕಣ್ಣಲ್ಲಿ ನೀರು. ನನಗೆ ಈ ಸಮಾರಂಭಗಳೆಂದರೆ ಪ್ರೀತಿ. ಕಂಡವರ ಹೊಲದಲ್ಲಿ ಕಳೆ ತೆಗೆದು, ಭತ್ತ ನಾಟಿ ಮಾಡಿ ಮಕ್ಕಳನ್ನು ಓದಿಸಿದವರಿಗೆ ಆ ಒಂದು ಗಳಿಗೆ ಸಲ್ಲಲೇಬೇಕು.

ಅಂಥದೊಂದು ಸಮಾರಂಭ ಮುಗಿದು ಚಹಾ ಕುಡಿಯುತ್ತ ನಿಂತಾಗ, ಬಿ.ಎ.ಯಲ್ಲಿ ಮನೋವಿಜ್ಞಾನ ಓದುವ ಗೆಳೆಯನ ಮಗಳು ಕೇಳಿದಳು: "ಕಾಕಾ, ಅಮೆರಿಕಾದಾಗಿರೋ ನಮ್ಮತ್ತಿ ಮಗಳು ಸೈ ಕೈ ಅಂತೊಂದು ಸಂಘ ಸೇರ್‍ಯಾಳಂತ. ಮನೋವಿಜ್ಞಾನದಾಗ ಶಾಣ್ಯಾ ಇದ್ದೋರನ್ನಷ್ಟ ತಗೋತಾರಂತ. ಅಂಥಾದ್ದು ನಮ್ಮ ಕಡೆನೂ ಇದ್ರ ಚಲೋ ಅಲ್ಲೇನ್ರಿ?"

ಚಲೋನೇ. ಆ ಸಂಘದ ಹುಟ್ಟೇ ಸೊಗಸಾದ ಕಥೆ. 1929ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಒಂಬತ್ತನೆಯ ಅಂತರರಾಷ್ಟ್ರೀಯ ಮನೋವಿಜ್ಞಾನ ಸಮ್ಮೇಳನ ನಡೆಯಿತು. ನಾಯಿ ಮತ್ತು ಗಂಟೆಯ ಪ್ರಯೋಗದಿಂದ ನಮ್ಮ ಪಠ್ಯಪುಸ್ತಕಗಳಲ್ಲೂ ಕಾಣಿಸಿಕೊಳ್ಳುವ ಪಾವ್ಲೋವ್ ರಷ್ಯಾದಿಂದ ಬಂದಿದ್ದರು. ಅಷ್ಟು ದೊಡ್ಡವರು ನೆರೆದ ಜಾಗದಲ್ಲೇ ವಿದ್ಯಾರ್ಥಿಗಳ ಈ ಸಂಘವೂ ಶುರುವಾಯಿತು. ಎರಡು ವರ್ಷದ ಕಾಲೇಜುಗಳ ಮಕ್ಕಳಿಗಾಗಿ 1977ರಲ್ಲಿ ಸೈ ಬೀಟಾ ಎಂಬ ಇನ್ನೊಂದು ಬಂತು. ಸೈ ಕೈ ಸೇರಬೇಕಾದರೆ ತರಗತಿಯ ಮೇಲಿನ ಶೇಕಡ 35ರೊಳಗೆ ಇರಬೇಕು, ಮನೋವಿಜ್ಞಾನದಲ್ಲಿ ಒಳ್ಳೆಯ ಅಂಕವಿರಬೇಕು. ಒಮ್ಮೆ ಶುಲ್ಕ ಕಟ್ಟಿದರೆ ಜೀವಮಾನದ ಸದಸ್ಯತ್ವ. ಸದಸ್ಯರಿಗೆ ಸಂಶೋಧನೆಗೆ ಧನಸಹಾಯವೂ ಉಂಟು. ಪರದೇಶದಲ್ಲಿ ಓದುವ ನಮ್ಮ ಮಕ್ಕಳಿಗೆ ಕರೆ ಬಂದರೆ ಮೊದಲು ತಮ್ಮ ವಿಭಾಗದ ಅಧ್ಯಾಪಕರನ್ನು ಕೇಳಲಿ, ಕಾಲೇಜಿನಲ್ಲಿ ಅದರ ಶಾಖೆ ಇದೆಯೇ ಎಂದು ತಿಳಿಯಲಿ, ಆಮೇಲೆ ದುಡ್ಡು ಕಟ್ಟಲಿ. ಬರೀ ದುಡ್ಡಿಗೆ ಗೌರವ ಹಂಚುವ ಸಂಘಗಳೂ ಲೋಕದಲ್ಲಿವೆ.

ಗೌರವದ ಮಾತು ಬಂತಲ್ಲ, ನಮ್ಮ ನಾಡಿನ ಮನೋವಿಜ್ಞಾನಕ್ಕೂ ದೊಡ್ಡ ಪರಂಪರೆಯಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಈ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಕೈಕೆಳಗೆ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದರು, ಅದಕ್ಕೆ 'ಆಕಾಶವಾಣಿ' ಎಂದು ಹೆಸರಾಯಿತು. ಮನಸ್ಸಿನ ಮೇಷ್ಟ್ರು ಪ್ರಯೋಗಶಾಲೆಯಲ್ಲಿ ಎಷ್ಟು ಆಸ್ಥೆಯಿಂದ ದುಡಿದರೋ ಅಷ್ಟೇ ಆಸ್ಥೆಯಿಂದ ಜನರ ಮನೆಯಂಗಳಕ್ಕೂ ದನಿ ಕಳಿಸಿದರು. 'ಕೊರವಂಜಿ' ಹಾಸ್ಯಪತ್ರಿಕೆ ನಡೆಸಿ ನಾಡನ್ನು ನಗಿಸಿದ ಡಾಕ್ಟರ್ ರಾಶಿಯವರೂ ಇದೇ ದಾರಿಯವರು. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರು ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇನ್ನು ನಮ್ಮ ಮಗ್ಗುಲಿಗೇ ಬರೋಣ. ತುಂಗಭದ್ರೆಯ ಆಚೆ ದಂಡೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಒಂದು ಕೆಲಸ ಮಾಡಿ ತೋರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮಾನಸಿಕ ಕಾಯಿಲೆ ಗುರುತಿಸಲು ತರಬೇತಿ ಕೊಟ್ಟಿತು; ಊರೂರು ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ಕಲಿಸಿತು; ಬೇಕಾದ ಕೆಲವೇ ಔಷಧಿಗಳು ಅಲ್ಲೇ ಸಿಗುವಂತೆ ಮಾಡಿತು. 'ದೆವ್ವ ಬಡದೈತಿ', 'ತಲಿ ಕೆಟ್ಟೈತಿ' ಅನ್ನಿಸಿಕೊಂಡು ಮೂಲೆಗೆ ಬಿದ್ದವರಿಗೆ ಊರ ಹತ್ತಿರವೇ ಚಿಕಿತ್ಸೆ ದೊರೆಯಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಬಳ್ಳಾರಿ. ಗಂಗಾವತಿಯಿಂದ ಹೊಳೆ ದಾಟಿದರೆ ಸಿಗುವ ಜಿಲ್ಲೆ ಅದು. ನಮ್ಮ ಮನೋವಿಜ್ಞಾನದ ಮಕ್ಕಳು ಹೆಮ್ಮೆ ಪಡಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ಅದಕ್ಕೇ ನನ್ನ ಮಾತು ಇಷ್ಟು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಮ್ಮ ನಾಲ್ಕೂ ಊರುಗಳ ಕಾಲೇಜುಗಳಲ್ಲಿ ಮನೋವಿಜ್ಞಾನ ವಿದ್ಯಾರ್ಥಿಗಳದೊಂದು ಬಳಗವಾಗಲಿ. ಅಂಕ ನೋಡಲಿ, ಅದರ ಜೊತೆಗೆ ಇನ್ನೆರಡು ಗುಣ ನೋಡಲಿ: ಇನ್ನೊಬ್ಬರ ಮಾತನ್ನು ನಡುವೆ ಬಾಯಿ ಹಾಕದೆ ಕೇಳುವ ತಾಳ್ಮೆ, ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಗಟ್ಟಿತನ. ಯಲಬುರ್ಗಾ, ಕುಷ್ಟಗಿಯ ಎರೆ ಹೊಲಗಳಲ್ಲಿ ಮಳೆ ಕೈಕೊಟ್ಟ ವರ್ಷ ಮನೆಮಂದಿ ಬೆಂಗಳೂರಿಗೋ ಮಂಗಳೂರಿಗೋ ಗುಳೆ ಹೋಗುತ್ತಾರೆ. ಹಿಂದೆ ಉಳಿದ ಮುದುಕರ ಒಂಟಿತನ, ಹಾಸ್ಟೆಲ್ಲಿನಲ್ಲಿ ಬಿಟ್ಟು ಹೋದ ಮಕ್ಕಳ ದಿಗಿಲು, ನಪಾಸಾದ ಹುಡುಗನ ಮೌನ ಇವನ್ನೆಲ್ಲ ಮೊದಲು ಗಮನಿಸಬಲ್ಲವರು ಅದೇ ಊರಿನ ಈ ಹುಡುಗ ಹುಡುಗಿಯರು. ಇವರು ಚಿಕಿತ್ಸೆ ಮಾಡಬಾರದು, ಕಾಯಿಲೆಗೆ ಹೆಸರಿಡಬಾರದು. ಅದು ವೈದ್ಯರ ಕೆಲಸ. ಆದರೆ ಜೊತೆಗೆ ಕೂತು ಕೇಳಬಹುದು, ಜಿಲ್ಲಾ ಆಸ್ಪತ್ರೆಗೆ ಜೊತೆಯಾಗಿ ಹೋಗಬಹುದು, ಪ್ರತಿ ಹಾಸ್ಟೆಲ್ ಗೋಡೆಯ ಮೇಲೆ 14416 ಎಂದು ದೊಡ್ಡದಾಗಿ ಬರೆಯಬಹುದು. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ ಅದು. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

"ಸಣ್ಣ ಊರಿನೋರಿಗೆ ಇದೆಲ್ಲ ಆಗ್ತದೇನ್ರಿ?" ಎಂದು ಕೇಳುವವರಿಗೆ ಕೊಪ್ಪಳದ ಬಂಡೆಗಳನ್ನೇ ತೋರಿಸುತ್ತೇನೆ. ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಗವಿಮಠದ ಜಾತ್ರೆಗೆ ಹೋದವರಲ್ಲಿ ಎಷ್ಟೋ ಜನ ಅವನ್ನು ನೋಡದೆ ಬರುತ್ತಾರೆ. ಉನ್ನತವಾದದ್ದು ದೊಡ್ಡವರ ಪಾಲಿಗಷ್ಟೇ ಮೀಸಲಲ್ಲ, ಶ್ರಮಪಟ್ಟರೆ ಸಣ್ಣವರಿಗೂ ದಕ್ಕುತ್ತದೆ ಎಂಬುದು ಅಲ್ಲಿ ಕೊರೆಸಿದ ಮಾತಿನ ತಿರುಳು. ಇಂಥ ಬಳಗಕ್ಕೆ ಇದಕ್ಕಿಂತ ಒಳ್ಳೆಯ ಧ್ಯೇಯ ಬೇರೆಲ್ಲಿ ಹುಡುಕೋಣ?

ಪ್ರಾಚಾರ್ಯರೇ, ಅಧ್ಯಾಪಕರೇ, ಬರುವ ಶೈಕ್ಷಣಿಕ ವರ್ಷದಲ್ಲೇ ಇದನ್ನು ಶುರು ಮಾಡಿರಿ. ಹತ್ತು ಮಕ್ಕಳಿದ್ದರೂ ಸಾಕು. ಓದುಗರಲ್ಲೂ ಒಂದು ವಿನಂತಿ. ನಿಮ್ಮ ಮನೆಯ ಹುಡುಗಿ ಮನೋವಿಜ್ಞಾನ ತಗೋತೀನಿ ಅಂದರೆ "ಅದರಿಂದ ಏನ್ ನೌಕರಿ ಸಿಗತೈತಿ?" ಎನ್ನಬೇಡಿರಿ. ಖುಷಿಯಿಂದ ಸೇರಿಸಿರಿ. ನಮ್ಮ ಜಿಲ್ಲೆಗೆ ಅಂಥವರ ಅಗತ್ಯ ಬಹಳ ಇದೆ.